ಮಳೆ ಒಳಗೆ ಬರಬಾರದು, ಉಸಿರು ಹೊರಗೆ ಹೋಗಬೇಕು

ಮಕ್ಕಳು ಮರಿಯನ್ನು ಕಟ್ಟಿಕೊಂಡು ದೂರದ ಪ್ರಯಾಣ ಹೊರಟಾಗ ನಿಮ್ಮನ್ನು ಹೆಚ್ಚು ಕಾಡುವ ಚಿಂತೆ ಯಾವುದು? ಗಂಡಸರನ್ನು ಕೇಳಿದರೆ ಪೆಟ್ರೋಲಿನ ದರ ಎನ್ನುತ್ತಾರೆ. ನಮ್ಮನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ನಾವು ಹೇಳುವುದು ಬೇರೆಯೇ. ವುಝೂ ಮಾಡಲು ಜಾಗ ಎಲ್ಲಿ, ಮುಸಲ್ಲಾ ಹಾಸಲು ನಾಲ್ಕಡಿ ನೆಲ ಎಲ್ಲಿ, ಹಸುಗೂಸಿಗೆ ಹಾಲುಣಿಸಲು ಮರೆ ಎಲ್ಲಿ? ಕಾಪುವಿನಿಂದ ಹೊರಟು ಘಾಟಿ ಹತ್ತುವವರೆಗೆ ಬಾಯಾರಿದರೂ ನೀರು ಕುಡಿಯದೆ ಕೂರುವ ಹೆಂಗಸರು ಎಷ್ಟು ಮಂದಿ ಎಂಬುದು ನಮಗೆ ಮಾತ್ರ ಗೊತ್ತು.

ನನ್ನ ಮೈದುನ 16 ವರ್ಷ ಸೌದಿಯಲ್ಲಿದ್ದವರು. ಅಲ್ಲಿ ಚಳಿಗಾಲ ಬಂತೆಂದರೆ ಊರಿನವರೆಲ್ಲ ಡೇರೆ ಕಟ್ಟಿಕೊಂಡು ಮರುಭೂಮಿಗೆ ಹೋಗುವುದನ್ನು ನೋಡಿದ್ದರು. ಕಾರಿನ ಹಿಂದೆ ಸಣ್ಣದೊಂದು ಪೆಟ್ಟಿಗೆಯನ್ನು ಎಳೆದು ತಂದು, ಅದರ ಮುಚ್ಚಳವನ್ನು ಪುಸ್ತಕದಂತೆ ಬಿಡಿಸಿದರೆ ಹಾಸಿಗೆ, ಅದರ ಮೇಲೆ ಕಮಾನು ಎತ್ತಿದರೆ ಡೇರೆ. ಹತ್ತು ನಿಮಿಷದಲ್ಲಿ ಒಂದು ಕೋಣೆ! ಊರಿಗೆ ಬಂದು ನೆಲೆಸಿದ ಮೇಲೆ, 2025ರ ಜನವರಿಯಲ್ಲಿ ನಮ್ಮ ಅಂಗಳದಲ್ಲೇ ಅಂಥದೊಂದನ್ನು ಮಾಡಲು ಹೊರಟರು. ನನಗೇನೂ ಹೊಸತೆನಿಸಲಿಲ್ಲ. ಹಿಂದೆ ಉತ್ತರ ಕರ್ನಾಟಕದ ಕಡೆ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಜಾತ್ರೆಗೂ ಉರೂಸಿಗೂ ಹೋಗಿ, ಗಾಡಿಯ ಅಡಿಯಲ್ಲೇ ಅಡುಗೆ ಮಾಡಿ ಮಲಗುತ್ತಿದ್ದರಲ್ಲ, ಇದೂ ಅದೇ ತಾನೆ? ಎತ್ತಿನ ಬದಲು ಕಾರು, ಚಾಪೆಯ ಬದಲು ಟರ್ಪಾಲ್.

ಇಂಥದನ್ನು ಮಾಡುವ ಆಸೆ ನಿಮ್ಮ ಮನೆಯಲ್ಲೂ ಯಾರಿಗಾದರೂ ಇರಬಹುದು. ಆದ್ದರಿಂದ ನಾವು ಕಲಿತದ್ದನ್ನು, ಮುಖ್ಯವಾಗಿ ನಾವು ಎಡವಿದ್ದನ್ನು, ನಿಮ್ಮ ಮುಂದಿಡುತ್ತೇನೆ.

ಮೊದಲ ಶತ್ರು ಮಳೆಯಲ್ಲ, ಉಪ್ಪು. ಕಾಪುವಿನ ದೀಪಸ್ತಂಭ 1901ರಿಂದ ಸಮುದ್ರದ ಬಂಡೆಯ ಮೇಲೆ ನಿಂತಿದೆ, ಅದು ಕಲ್ಲು. ನಮ್ಮ ಕಿಟಕಿಯ ಸರಳುಗಳು ಎಷ್ಟು ವರ್ಷ ಬಾಳುತ್ತವೆ ಎಂದು ಕಡಲ ಬದಿಯ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಟ್ರೇಲರಿನ ಚೌಕಟ್ಟು ಕಬ್ಬಿಣದ್ದು. ಸತುವಿನ ಲೇಪವಿರುವ ಜಿ.ಐ. ಕೊಳವೆ ತಂದರೂ ಬೆಸುಗೆ ಹಾಕಿದ ಜಾಗದಲ್ಲಿ ಆ ಲೇಪ ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಬೆಸುಗೆಯ ಪ್ರತಿ ಗಂಟನ್ನೂ ಉಜ್ಜಿ, ಸತುವಿನ ಪುಡಿ ಬೆರೆತ ಬಣ್ಣ ಬಳಿದು, ಆಮೇಲೆ ಉಳಿದ ಬಣ್ಣ ಕೊಡಬೇಕು. ಕೊಳವೆಯ ತುದಿಗಳನ್ನು ಮುಚ್ಚಬೇಕು, ಇಲ್ಲವಾದರೆ ಒಳಗೆ ನಿಂತ ನೀರು ಹೊರಗಿನವರಿಗೆ ಕಾಣದಂತೆ ಕಬ್ಬಿಣವನ್ನು ತಿನ್ನುತ್ತದೆ.

ಪೆಟ್ಟಿಗೆಗೆ ಪ್ಲೈವುಡ್. ಅಂಗಡಿಯವರು ಎಲ್ಲವನ್ನೂ ‘ವಾಟರ್‌ಪ್ರೂಫ್’ ಎನ್ನುತ್ತಾರೆ. ನೀವು ಹಲಗೆಯ ಮೇಲಿನ ಐ.ಎಸ್. 710 ಎಂಬ ಮುದ್ರೆ ನೋಡಿ. ಅದು ಮರೈನ್ ಪ್ಲೈವುಡ್, 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಅಂಟು ಬಿಡಬಾರದೆಂಬುದು ಅದರ ಪರೀಕ್ಷೆ. ಐ.ಎಸ್. 303 ಎಂದಿದ್ದರೆ ಅದು ಮನೆಯೊಳಗಿನ ಕಪಾಟಿಗೆ ಸಾಕು, ಅಂಗಳಕ್ಕೆ ಸಾಲದು. ಒಳ್ಳೆಯ ಹಲಗೆಯೂ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ. ಕೊಯ್ದ ಅಂಚಿಗೂ ಸ್ಕ್ರೂ ಕೊರೆದ ತೂತಿಗೂ ಎಪಾಕ್ಸಿ ಕುಡಿಸಬೇಕು. ಮಲ್ಪೆಯಲ್ಲಿ ದೋಣಿಗಳಿಗೆ ಫೈಬರ್ ಹಾಕುವುದನ್ನು ನೋಡಿ ಬಂದ ಮೈದುನ ನಮ್ಮ ಪೆಟ್ಟಿಗೆಯ ತಳಕ್ಕೂ ಹಾಗೆಯೇ ಮಾಡಿದರು. ಆ ಕೆಲಸಕ್ಕೆ ಬಂದ ಹುಡುಗ ನಗುತ್ತ, “ನಿಮ್ಮ ಮನೆ ತೇಲುತ್ತದೆ” ಎಂದಿದ್ದ.

ತೂಕದ ಬಗ್ಗೆ ಒಂದು ಮಾತು. ನಾವು ಹೆಂಗಸರು ಸಾಮಾನು ತುಂಬುವುದರಲ್ಲಿ ಮುಂದು. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರಿನ ತುಂಬಿದ ತೂಕ 750 ಕಿಲೋ ಮೀರಬಾರದೆಂದಿದೆ. ಸಣ್ಣ ಕಾರಿಗೆ ಅದರ ಅರ್ಧವೂ ಹೆಚ್ಚೇ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಿನಷ್ಟು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಇರಬೇಕು. ಅಕ್ಕಿ ಮೂಟೆ, ನೀರಿನ ಕ್ಯಾನ್ ಎಲ್ಲವನ್ನೂ ಹಿಂದೆ ತುರುಕಿದರೆ ಟ್ರೇಲರ್ ಹಾವಿನ ಬಾಲದಂತೆ ಅಲ್ಲಾಡಿ ಕಾರನ್ನೇ ಎಳೆದೊಯ್ಯುತ್ತದೆ. ಚಲಿಸುವಾಗ ಒಳಗೆ ಯಾರೂ, ಒಂದು ಮಗುವೂ, ಕೂರಬಾರದು.

ಇನ್ನು ಬಟ್ಟೆ. ಅಲ್ಲಿಂದ ನನ್ನ ಪಾಲಿನ ಕೆಲಸ, ಏಕೆಂದರೆ ಮನೆಯಲ್ಲಿ ಹೊಲಿಗೆ ಯಂತ್ರ ನನ್ನದು. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ, ಕಡಲ ಕಡೆಯಿಂದ ಅಡ್ಡಕ್ಕೂ ಬೀಸುತ್ತದೆ. ಅದಕ್ಕೇ ಹಿಂದೆ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು.

ದಪ್ಪ ಹತ್ತಿಯ ಕ್ಯಾನ್ವಾಸೋ, ಪ್ಲಾಸ್ಟಿಕ್ ಟರ್ಪಾಲೋ ಎಂದು ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಪ್ಲಾಸ್ಟಿಕ್ ಅಗ್ಗ, ಹಗುರ, ಒಂದು ಹನಿಯನ್ನೂ ಬಿಡುವುದಿಲ್ಲ. ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಉಸಿರಾಡುವುದಂತೂ ಇಲ್ಲ. ಹತ್ತಿಯ ಕ್ಯಾನ್ವಾಸಿನ ಗುಣ ಬೇರೆ. ಒದ್ದೆಯಾದಾಗ ನೂಲು ಉಬ್ಬಿ ನೆಯ್ಗೆಯ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊಸ ಕ್ಯಾನ್ವಾಸನ್ನು ಹೊಲಿದ ಮೇಲೆ ಎರಡು ಮೂರು ಸಲ ಚೆನ್ನಾಗಿ ನೆನೆಸಿ ಒಣಗಿಸಬೇಕು. ಆಗ ಸೂಜಿಯ ತೂತುಗಳೂ ಮುಚ್ಚುತ್ತವೆ. ಇದು ಗೊತ್ತಿಲ್ಲದೆ ಮೊದಲ ಸಲ ಕೊಡದಿಂದ ನೀರು ಸುರಿದು, ಸೋರಿದ್ದನ್ನು ಕಂಡು ನಾನು ಅತ್ತೇಬಿಟ್ಟಿದ್ದೆ. ಮೂರನೆಯ ಸಲ ಸೋರಲಿಲ್ಲ. ನಾವು ಕೊನೆಗೆ ಒಳಗೆ ಕ್ಯಾನ್ವಾಸ್, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಪ್ಲಾಸ್ಟಿಕ್ ಟರ್ಪಾಲಿನ ಎರಡನೆಯ ಮಾಡು ಎಂದು ತೀರ್ಮಾನಿಸಿದೆವು.

ಹೊಲಿಗೆಯ ಗುಟ್ಟನ್ನು ಹೇಳಿಕೊಟ್ಟದ್ದು ನಮ್ಮ ಮನೆಯ ಹಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚಿಗೆ ಅಂಟೂ ಇಲ್ಲ, ಸಿಮೆಂಟೂ ಇಲ್ಲ. ಮೇಲಿನದು ಕೆಳಗಿನದನ್ನು ಕವಿದು ಕೂರುತ್ತದೆ, ನೀರು ಇಳಿಯುತ್ತದೆ, ಸಂದಿನಲ್ಲಿ ಗಾಳಿ ಆಡುತ್ತದೆ. ಬಟ್ಟೆಯ ಜೋಡಣೆಯೂ ಹಾಗೆಯೇ. ಮೇಲಿನ ತುಂಡು ಹೊರಗೆ, ಕೆಳಗಿನದು ಒಳಗೆ. ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ, ಜೀನ್ಸ್ ಪ್ಯಾಂಟಿನ ಬದಿಯಲ್ಲಿರುತ್ತದಲ್ಲ, ಅದು. ಮೇಲೆ ಮೇಣದ ತುಂಡಿನಿಂದ ಉಜ್ಜಿದರೆ ಸಾಕು. ಇಡೀ ಬಟ್ಟೆಗೆ ಟರ್ಪೆಂಟೈನಿನಲ್ಲಿ ಮೇಣ ಕರಗಿಸಿ ಬಳಿಯುವವರಿದ್ದಾರೆ. ನಾವು ಬಳಿಯಲಿಲ್ಲ. ಮೇಣದ ಬಟ್ಟೆಗೆ ಬೆಂಕಿ ಹಿಡಿದರೆ ನಿಲ್ಲಿಸಲಾಗದು.

ಮೇ ತಿಂಗಳ ಕೊನೆಯಲ್ಲಿ ಮಳೆ ಬಂತು. ಅಂಗಳದಲ್ಲೇ ಡೇರೆ ಬಿಡಿಸಿ, ಮೈದುನನ ಹೆಂಡತಿ, ಅವಳ ಇಬ್ಬರು ಮಕ್ಕಳು ಮತ್ತು ನಾನು ಮಲಗಿದೆವು. ಗಾಳಿ ಬಡಿಯುತ್ತಿದ್ದುದರಿಂದ ಕಿಟಕಿಯ ಪರದೆಗಳನ್ನೆಲ್ಲ ಬಿಗಿದೆವು. ರಾತ್ರಿಯಿಡೀ ಸುರಿಯಿತು. ಬೆಳಗ್ಗೆ ಎದ್ದರೆ ಹೊದಿಕೆ ತಂಪು, ಮಾಡಿನ ಒಳಮೈಯೆಲ್ಲ ಹನಿಹನಿ. “ಇಷ್ಟೆಲ್ಲ ಹೊಲಿದದ್ದು ನೀರಿಗೆ ಹೋಯಿತು” ಎಂದೆ. ಆದರೆ ಬೆರಳಿನಿಂದ ಮುಟ್ಟಿ ನೋಡಿದಾಗ ಯಾವ ಹೊಲಿಗೆಯಿಂದಲೂ ಗೆರೆ ಇಳಿದಿರಲಿಲ್ಲ, ಎಲ್ಲ ಕಡೆ ಒಂದೇ ಸಮ ತೇವ. ಅದು ಮಳೆಯ ನೀರಲ್ಲ, ನಮ್ಮದೇ ಉಸಿರು! ಮಲಗಿದ ಒಬ್ಬ ಮನುಷ್ಯ ರಾತ್ರಿಯಲ್ಲಿ ಉಸಿರಿನಿಂದಲೂ ಚರ್ಮದಿಂದಲೂ ಸುಮಾರು ಕಾಲು ಲೀಟರ್ ನೀರನ್ನು ಬಿಡುತ್ತಾನೆ. ನಾಲ್ಕು ಜನ ಸೇರಿ ಒಂದು ಲೀಟರಿನಷ್ಟು. ಅದು ಹೋಗುವುದಾದರೂ ಎಲ್ಲಿಗೆ?

ಎರಡನೆಯ ರಾತ್ರಿ ನಡೆದದ್ದನ್ನು ಬರೆಯಲು ನನಗೆ ಈಗಲೂ ಕೈ ನಡುಗುತ್ತದೆ. ಒಳಗಿನ ತೇವದ ವಾಸನೆ ಹೋಗಲೆಂದು ನಾನೇ ಮಗ್ರಿಬ್ ನಂತರ ಧೂಪದ ಪಾತ್ರೆಯಲ್ಲಿ ಇದ್ದಿಲಿನ ಕೆಂಡ ಹಾಕಿ ಬಖೂರ್ ಇಟ್ಟೆ. ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಹೊಗೆ ನಿಂತಿತು, ಕೆಂಡ ಉಳಿಯಿತು. ಮಕ್ಕಳಿಗೆ ಬೆಚ್ಚಗಿರಲಿ ಎಂದು ಪಾತ್ರೆಯನ್ನು ಮೂಲೆಯಲ್ಲೇ ಬಿಟ್ಟು ಪರದೆ ಬಿಗಿದೆ. ಒಂದು ಗಂಟೆಯ ನಂತರ ದೊಡ್ಡ ಹುಡುಗಿ ತಲೆನೋವು ಎಂದಳು. ಚಿಕ್ಕವನು ವಾಂತಿ ಮಾಡಿದ. ರಾತ್ರಿ ತಿಂದ ಬಂಗುಡೆ ಕೆಟ್ಟಿತ್ತೇನೋ ಎಂದುಕೊಂಡೆವು. ನನಗೂ ಕಾಲಲ್ಲಿ ಬಲವಿಲ್ಲದಂತೆ ಆಗಿತ್ತು, ಆಯಾಸ ಎಂದುಕೊಂಡೆ. ವಾಂತಿ ತೊಳೆಯಲು ಪರದೆ ಬಿಚ್ಚಿ ಹೊರಗೆ ಬಂದದ್ದೇ ನಮ್ಮನ್ನು ಉಳಿಸಿತು. ಅಲ್ಹಮ್ದುಲಿಲ್ಲಾಹ್. ತಂಗಾಳಿಯಲ್ಲಿ ಅರ್ಧ ಗಂಟೆ ಕೂತಾಗ ಮಕ್ಕಳು ಚೇತರಿಸಿದರು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ: “ಒಳಗೆ ಏನನ್ನು ಉರಿಸಿದ್ದಿರಿ?”

ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಿಲು, ಸೀಮೆಎಣ್ಣೆ, ಪೆಟ್ರೋಲ್, ಗ್ಯಾಸ್, ಏನೇ ಆಗಲಿ, ಗಾಳಿ ಸಾಲದೆ ಉರಿದಾಗ ಅದು ಹುಟ್ಟುತ್ತದೆ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ನಿದ್ದೆ, ಆಮೇಲೆ ಎಚ್ಚರವಿಲ್ಲ. ಗರ್ಭಿಣಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಎಳೆ ಮಕ್ಕಳಿಗೂ ಅಪಾಯ ಇನ್ನೂ ಹೆಚ್ಚು. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಿಮ್ಮ ಮನೆಯಲ್ಲಿರಬಹುದು. ಅದನ್ನು ನಂಬಬೇಡಿ. ಈ ಅನಿಲ ಹಿಡಿದ ರಕ್ತವನ್ನೂ ಅದು ಆಮ್ಲಜನಕವಿರುವ ರಕ್ತವೆಂದೇ ಓದಿ 98, 99 ಎಂದು ತೋರಿಸಬಲ್ಲದು.

2024ರ ಡಿಸೆಂಬರ್ 23ರಂದು ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರ ಶವ ಸಿಕ್ಕಿದ ಸುದ್ದಿಯನ್ನು ನೀವು ಓದಿರಬಹುದು. ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ವಾಹನದೊಳಗೆ ಸೇರಿಕೊಂಡಿತ್ತು. ನಮ್ಮ ಕಾಪುವಿನ ಮುಂದೆಯೇ ಹಾದುಹೋಗುವ 66ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಇರುವ ಊರು ಅದು. ನಾನೂ ಆ ಸುದ್ದಿ ಓದಿ ‘ಪಾಪ’ ಎಂದು ಪತ್ರಿಕೆ ಮಡಚಿದ್ದೆ. ಐದು ತಿಂಗಳ ನಂತರ ನಾನೇ ಕೆಂಡದ ಪಾತ್ರೆಯನ್ನು ಒಳಗಿಟ್ಟೆ!

ಬಟ್ಟೆಯ ಮನೆಗೂ ಒಲೆಗೂ ಆಗಿಬರುವುದಿಲ್ಲ ಎಂಬುದಕ್ಕೆ ಇನ್ನೂ ದೊಡ್ಡ ಸಾಕ್ಷಿ ನಮ್ಮ ಹಾಜಿಗಳ ಕುಟುಂಬಗಳಿಗೆ ಗೊತ್ತು. 1997ರ ಏಪ್ರಿಲ್ 15ರಂದು ಮಿನಾದಲ್ಲಿ ಡೇರೆಗಳಿಗೆ ಬೆಂಕಿ ಬಿದ್ದು, ಅಧಿಕೃತ ಲೆಕ್ಕದಂತೆ 343 ಮಂದಿ ಮೃತರಾದರು. ಅವರಲ್ಲಿ ಭಾರತೀಯರೂ ಬಹಳ ಮಂದಿ ಇದ್ದರು. ಆ ಮೇಲೆಯೇ ಅಲ್ಲಿ ಹತ್ತಿಯ ಡೇರೆಗಳು ಹೋಗಿ, ಟೆಫ್ಲಾನ್ ಲೇಪಿಸಿದ ಗಾಜಿನ ನೂಲಿನ, ಬೆಂಕಿ ತಾಳುವ ಡೇರೆಗಳು ಬಂದದ್ದು. ಡೇರೆಯೊಳಗೆ ಗ್ಯಾಸ್ ಒಲೆಗೂ ಅವಕಾಶವಿಲ್ಲದಾಯಿತು.

ಆ ರಾತ್ರಿಯ ನಂತರ ನಾನು ಕತ್ತರಿ ಹಿಡಿದೆ. ಅಷ್ಟು ಶ್ರಮದಿಂದ ಹೊಲಿದದ್ದನ್ನು ಕತ್ತರಿಸುವಾಗ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಮಾಡಿನ ಎರಡೂ ತುದಿಯಲ್ಲಿ, ಎದುರು ಬದುರಾಗಿ, ಮುಚ್ಚಲು ಬಾರದ ಕಿಂಡಿ. ಅದಕ್ಕೆ ಸೊಳ್ಳೆ ಬಲೆ, ಮೇಲೆ ಟೋಪಿಯಂತೆ ಬಾಗಿದ ಬಟ್ಟೆ, ಅಡ್ಡ ಮಳೆಗೆ. ಪೆಟ್ಟಿಗೆಯ ತಳದ ಹತ್ತಿರವೂ ಎರಡು ತೂತು, ಏಕೆಂದರೆ ಅಡುಗೆ ಗ್ಯಾಸ್ ಸೋರಿದರೆ ಗಾಳಿಗಿಂತ ಭಾರವಾದ್ದರಿಂದ ಕೆಳಗೇ ನಿಲ್ಲುತ್ತದೆ. ಸಿಲಿಂಡರ್ ಹೊರಗೆ, ಒಲೆ ಹೊರಗೆ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತರಿಸಿದೆವು. ಕೊಳ್ಳುವಾಗ ಹೆಸರು ಸರಿಯಾಗಿ ನೋಡಿ, ಬರಿಯ ಹೊಗೆಯ ಅಲಾರಂ ಇದನ್ನು ಹಿಡಿಯುವುದಿಲ್ಲ. ಹಾಸಿಗೆಯ ಅಡಿಗೆ ತೆಂಗಿನ ನಾರಿನ ಚಾಪೆ ಹಾಸಿದ ಮೇಲೆ ಅಡಿಯ ತೇವವೂ ಹೋಯಿತು. ಒದ್ದೆ ಬಟ್ಟೆಯನ್ನು ಮಡಚಿಡಲೇಬೇಕಾಗಿ ಬಂದರೆ ಮರುದಿನವೇ ಬಿಡಿಸಿ ಒಣಗಿಸಬೇಕು. ನಮ್ಮ ಜೂನ್, ಜುಲೈಯಲ್ಲಿ ಒಣಗಿಸುವುದು ಎಲ್ಲಿಂದ? ಆ ತಿಂಗಳುಗಳಲ್ಲಿ ಬಟ್ಟೆ ಅಟ್ಟದ ಮೇಲೆ, ಪೆಟ್ಟಿಗೆ ಶೀಟಿನ ಅಡಿಯಲ್ಲಿ.

ನಿಮ್ಮಲ್ಲಿ ಹೆಚ್ಚಿನವರು ಟ್ರೇಲರ್ ಮಾಡಲಿಕ್ಕಿಲ್ಲ. ಆದರೂ ಪುಟ ತಿರುಗಿಸುವ ಮೊದಲು ಒಮ್ಮೆ ಸ್ನಾನದ ಕೋಣೆಯ ಒಳಗೇ ಕೂರಿಸಿದ ಗ್ಯಾಸ್ ಗೀಸರ್ ನೋಡಿ, ಬಾಣಂತಿಯ ಕೋಣೆಯಲ್ಲಿಟ್ಟ ಕೆಂಡ ನೋಡಿ. ಹಂಚಿನ ಮನೆಯಲ್ಲಿ ನಮ್ಮ ಅಜ್ಜಿಯರು ಧೂಪ ಹಾಕಿದರೆ ಸಂದುಗಳಲ್ಲಿ ಅದು ಹೋಗುತ್ತಿತ್ತು. ಈಗ ತಾರಸಿ, ಗಾಜಿನ ಕಿಟಕಿ, ಎ.ಸಿ.ಗೆಂದು ಅಂಟಿಸಿದ ರಬ್ಬರ್ ಪಟ್ಟಿ. ಧೂಪ ಹಾಕುವಾಗ ಕಿಟಕಿ ತೆರೆಯಿರಿ, ಮಲಗುವ ಮುನ್ನ ಕೆಂಡವನ್ನು ಹೊರಗಿಡಿ.

ಪ್ರಯಾಣ ಹೇಗಾಯಿತು ಎಂದು ಕೇಳುತ್ತೀರಾ? ಆಗಲೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ, ನೋಂದಣಿಯಿಲ್ಲದೆ ರಸ್ತೆಗಿಳಿಸುವಂತಿಲ್ಲ. ನಕ್ಷೆ ಹಿಡಿದು ಆರ್.ಟಿ.ಓ. ಕಚೇರಿಗೆ ಹೋಗಿ, ಯಾವ ಅನುಮೋದನೆ ಬೇಕೆಂದು ಕೇಳಿ, ಆಮೇಲೆ ಬೆಸುಗೆಯವನನ್ನು ಕರೆಯಬೇಕಿತ್ತು. ಮೈದುನ ತಿರುಗಾಮುರುಗಾ ಮಾಡಿದರು. ತಪ್ಪು ನಮ್ಮದೇ. ಕಾಗದಗಳಿಗೆ ಓಡಾಟ ನಡೆದಿದೆ.

ಅಷ್ಟರವರೆಗೆ ಅದು ಅಂಗಳದಲ್ಲಿ, ಹಲಸಿನ ಮರದ ಕೆಳಗೆ. ಡಿಸೆಂಬರಿನಲ್ಲಿ ನಾದಿನಿಯ ಮಗಳ ಮದುವೆಗೆ ಮನೆ ತುಂಬ ನೆಂಟರು ಬಂದಾಗ ಹಾಲುಣಿಸುವ ತಾಯಂದಿರೆಲ್ಲ ಅದರೊಳಗೇ ಸೇರಿದ್ದರು. ಕಿಂಡಿಯಿಂದ ಚಳಿ ಬರುತ್ತದೆ, ಒಂದು ಬಟ್ಟೆ ತುರುಕಲೇ ಎಂದು ಒಬ್ಬಳು ಕೇಳಿದಳು. ಇನ್ನೊಂದು ಕಂಬಳಿ ತಂದುಕೊಟ್ಟೆ.