ತರ್ದವಾಡಿ ಸಾಸಿರದಿಂದ ಸಾಮ್ರಾಜ್ಯಕ್ಕೆ: ಚಾರಿತ್ರಿಕ ಕಂಪ್ಯೂಟರ್ ಆಟಗಳ ‘ಕಠಿಣ ಮಟ್ಟ’ ಮತ್ತು ಆರಂಭತಂತ್ರ

ರಾಜ್ಯವನ್ನು ಹಲಗೆಯ ಮೇಲೆ ಕಟ್ಟಿ ಆಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ವು ಚದುರಂಗವನ್ನೂ ಪಗಡೆಯ ಬಗೆಯ ದಾಳದಾಟವನ್ನೂ ಅರಸನ ವಿನೋದಗಳ ಸಾಲಿನಲ್ಲಿ ಸೇರಿಸಿದೆ. ಚದುರಂಗದಲ್ಲಿ ಎರಡೂ ಪಕ್ಷಗಳಿಗೆ ಬಲ ಸಮಾನ. ಆಟ ಆರಂಭವಾಗುವ ಗಳಿಗೆಯಲ್ಲಿ ಯಾರೂ ಹಿಂದಿಲ್ಲ, ಯಾರೂ ಮುಂದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಂದ ಚಾರಿತ್ರಿಕ ಕಂಪ್ಯೂಟರ್ ಆಟಗಳು ಈ ಸಮಾನತೆಯನ್ನು ಬೇಕೆಂದೇ ಮುರಿದವು. 1991ರಲ್ಲಿ ಬಂದ ‘ಸಿವಿಲೈಸೇಷನ್’, 1999ರ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗ, 2012ರಲ್ಲಿ ಎರಡನೆಯ ಭಾಗವನ್ನೂ 2020ರಲ್ಲಿ ಮೂರನೆಯ ಭಾಗವನ್ನೂ ಕಂಡ ‘ಕ್ರುಸೇಡರ್ ಕಿಂಗ್ಸ್’ ಇವುಗಳಲ್ಲಿ ಆಟಗಾರನು ತಾನಾಗಿಯೇ ಅಸಮಾನ ಸ್ಥಿತಿಯನ್ನು ಆರಿಸಿಕೊಳ್ಳಬಹುದು. ಅದನ್ನೇ ‘ಕಠಿಣ ಮಟ್ಟ’ ಎನ್ನಲಾಗುತ್ತದೆ.

ಇಂದು ಕನ್ನಡ ಎಂ.ಎ. ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಸಾಮ್ರಾಜ್ಯದ ಹುಟ್ಟನ್ನು ಮೊದಲು ಅರಿತದ್ದು ಶಾಸನಪಾಠದಿಂದಲ್ಲ, ಇಂತಹ ಆಟಗಳಿಂದ. ಆದುದರಿಂದ ಈ ಆಟಗಳು ರಾಜ್ಯನಿರ್ಮಾಣವನ್ನು ಹೇಗೆ ಗ್ರಹಿಸುತ್ತವೆ, ಆ ಗ್ರಹಿಕೆ ಕರ್ನಾಟಕದ ಚರಿತ್ರೆಗೆ ಎಷ್ಟರಮಟ್ಟಿಗೆ ಹೊಂದುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಪರಿಶೀಲಿಸುವುದು ಅಗತ್ಯ. ಪ್ರಸ್ತುತ ಲೇಖನವು ಕಠಿಣ ಮಟ್ಟದ ಆರಂಭತಂತ್ರವನ್ನು ವಿವರಿಸಿ, ಅದನ್ನು ಇಂದಿನ ವಿಜಯಪುರ ಜಿಲ್ಲೆಯ ಪ್ರದೇಶದಿಂದಲೇ ಹೊರಟ ಇಬ್ಬರು ಅರಸರ, ಅಂದರೆ ಚಾಲುಕ್ಯ ಇಮ್ಮಡಿ ತೈಲಪ ಮತ್ತು ಕಲಚುರಿ ಬಿಜ್ಜಳರ ನಡೆಗಳೊಂದಿಗೆ ಹೋಲಿಸುತ್ತದೆ.

1. ಕಠಿಣ ಮಟ್ಟವೆಂದರೇನು?

ಕಠಿಣ ಮಟ್ಟದಲ್ಲಿ ಕಂಪ್ಯೂಟರ್ ಹೆಚ್ಚು ಜಾಣತನದಿಂದ ಆಡುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಬಹುಪಾಲು ಆಟಗಳಲ್ಲಿ ಇದು ನಿಜವಲ್ಲ. 2016ರಲ್ಲಿ ಬಂದ ‘ಸಿವಿಲೈಸೇಷನ್’ ಆರನೆಯ ಭಾಗದಲ್ಲಿ ಎಂಟು ಮಟ್ಟಗಳಿವೆ. ನಾಲ್ಕನೆಯದಾದ ‘ಪ್ರಿನ್ಸ್’ ಮಟ್ಟದಲ್ಲಿ ಇಬ್ಬರಿಗೂ ವಿಶೇಷ ಸವಲತ್ತುಗಳಿಲ್ಲ. ಎಂಟನೆಯದಾದ ‘ಡೀಯಿಟಿ’ ಮಟ್ಟದಲ್ಲಿ ಆಟಗಾರನು ನೆಲೆಯೂರುವ ಒಂದೇ ತಂಡದಿಂದ ಆರಂಭಿಸಿದರೆ ಎದುರಾಳಿಗೆ ಅಂತಹ ಮೂರು ತಂಡಗಳು ದೊರೆಯುತ್ತವೆ. ಜೊತೆಗೆ ಹೆಚ್ಚುವರಿ ಯೋಧರು, ಮೊದಲೇ ಕಲಿತ ಕೆಲವು ವಿದ್ಯೆಗಳು, ಉತ್ಪಾದನೆಯಲ್ಲಿಯೂ ಹಣದಲ್ಲಿಯೂ ದೊಡ್ಡ ಪ್ರಮಾಣದ ಹೆಚ್ಚಳ. ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗದ ಮೂಲ ಆವೃತ್ತಿಯಲ್ಲಿಯೂ ಅತಿ ಕಠಿಣ ಮಟ್ಟದ ಎದುರಾಳಿಗೆ ಹೆಚ್ಚುವರಿ ಸಂಪತ್ತು ಸಿಗುತ್ತಿತ್ತು. 2019ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು ಎದುರಾಳಿಯ ಆಟವನ್ನೇ ಉತ್ತಮಪಡಿಸಲಾಯಿತು. ‘ಕ್ರುಸೇಡರ್ ಕಿಂಗ್ಸ್’ನ ಕ್ರಮ ಬೇರೆ. ಅಲ್ಲಿ ಕಾಠಿಣ್ಯವು ಬಹುಮಟ್ಟಿಗೆ ಆಟಗಾರನು ಯಾವ ಪಾತ್ರವನ್ನು ಆರಿಸುತ್ತಾನೆ ಎಂಬುದರ ಮೇಲೆ ನಿಂತಿದೆ. ಚಕ್ರವರ್ತಿಯಾಗಿ ಆಡುವುದಕ್ಕಿಂತ ಅವನ ಕೈಕೆಳಗಿನ ಚಿಕ್ಕ ಸಾಮಂತನಾಗಿ ಆಡುವುದು ಕಷ್ಟ.

ಒಟ್ಟಿನಲ್ಲಿ ಕಠಿಣ ಮಟ್ಟವೆಂದರೆ ಆರಂಭದ ಅಸಮಾನತೆ. ಚರಿತ್ರೆಯ ವಿದ್ಯಾರ್ಥಿಗೆ ಇದು ಅಪರಿಚಿತವಾದ ಸ್ಥಿತಿಯಲ್ಲ. ಸಾಮಂತರಾಗಿ ಹುಟ್ಟಿ ಸಾಮ್ರಾಟರಾದ ಕರ್ನಾಟಕದ ಮನೆತನಗಳೆಲ್ಲವೂ ಇದೇ ಮಟ್ಟದಲ್ಲಿ ಆರಂಭಿಸಿದವು.

2. ಆರಂಭತಂತ್ರದ ತರ್ಕ

ಇಂತಹ ಆಟಗಳಲ್ಲಿ ಮೊದಲ ಕೆಲವು ಸುತ್ತುಗಳ ತಪ್ಪು ಕೊನೆಯವರೆಗೂ ಕಾಡುತ್ತದೆ. ಬೆಳವಣಿಗೆಯು ಚಕ್ರಬಡ್ಡಿಯಂತೆ ಏರುವುದರಿಂದ ಮೊದಲು ಹಿಂದುಳಿದವನು ಮುಂದೆ ಇನ್ನಷ್ಟು ಹಿಂದುಳಿಯುತ್ತಾನೆ. ಅನುಭವಿ ಆಟಗಾರರು ಅನುಸರಿಸುವ ಕ್ರಮವನ್ನು ನಾಲ್ಕು ನಿಯಮಗಳಲ್ಲಿ ಸಂಗ್ರಹಿಸಬಹುದು.

ಮೊದಲನೆಯದು ಅರಿವು. ಏನನ್ನಾದರೂ ಕಟ್ಟುವ ಮುನ್ನ ಸುತ್ತಲಿನ ನೆಲ, ನೀರು, ನೆರೆಹೊರೆಯವರನ್ನು ತಿಳಿಯಬೇಕು. ‘ಸಿವಿಲೈಸೇಷನ್’ ಆರನೆಯ ಭಾಗದಲ್ಲಿ ಸ್ವತಂತ್ರ ನಗರರಾಜ್ಯವೊಂದನ್ನು ಎಲ್ಲರಿಗಿಂತ ಮೊದಲು ಕಂಡವನಿಗೆ ಅಲ್ಲಿ ದೂತನೊಬ್ಬನನ್ನು ನೆಲೆಗೊಳಿಸಿದ ಲಾಭ ಖರ್ಚಿಲ್ಲದೆ ಸಿಗುತ್ತದೆ. ಎರಡನೆಯದು ಆಡಂಬರದ ತ್ಯಾಗ. ಪಿರಮಿಡ್ಡಿನಂತಹ ಮಹಾನಿರ್ಮಾಣಗಳನ್ನು ಜಗತ್ತಿನಲ್ಲಿ ಒಬ್ಬನೇ ಕಟ್ಟಬಹುದು. ಮುಂದಿರುವ ಎದುರಾಳಿ ಅದನ್ನು ಮೊದಲು ಮುಗಿಸಿದರೆ ಅದಕ್ಕಾಗಿ ಕಳೆದ ಸುತ್ತುಗಳು ಮರಳಿ ಬಾರವು. ಮೂರನೆಯದು ಎರವಲು ಬಲ. ಎದುರಾಳಿಯ ಬಳಿ ಹೆಚ್ಚುವರಿ ಹಣವಿರುವುದರಿಂದಲೇ ಅವನೊಡನೆ ವ್ಯಾಪಾರ ಲಾಭದಾಯಕ. ‘ಕ್ರುಸೇಡರ್ ಕಿಂಗ್ಸ್’ನಲ್ಲಿಯಾದರೆ ವಿವಾಹಸಂಬಂಧವೂ ಒಡೆಯನ ಕೃಪೆಯೂ ಇಂತಹ ಬಲ. ನಾಲ್ಕನೆಯದು ಕಾಲಜ್ಞಾನ. ಬಲಿಷ್ಠನ ಮೇಲೆ ತಾನಾಗಿ ಏರಿಹೋಗದೆ, ಇನ್ನೊಬ್ಬ ಬಲಿಷ್ಠನೊಡನೆ ಕಾದಾಡಿ ಅವನು ದಣಿಯುವ ಗಳಿಗೆಗೆ ಕಾಯಬೇಕು. ಆ ಗಳಿಗೆ ಬಂದಾಗ ತಡಮಾಡಬಾರದು.

ಈ ನಾಲ್ಕರಲ್ಲಿ ಮೂರನೆಯದೂ ನಾಲ್ಕನೆಯದೂ ಸೇರಿದಾಗ ಮಾತ್ರ ದುರ್ಬಲನು ಗೆಲ್ಲುತ್ತಾನೆ. ಎರವಲು ಬಲ ಮಾತ್ರವಿದ್ದರೆ ಅವನು ಕೊನೆಯವರೆಗೂ ಸಾಮಂತ; ಕಾಲಜ್ಞಾನ ಮಾತ್ರವಿದ್ದರೆ ಅವಕಾಶ ಬಂದಾಗ ಕೈಯಲ್ಲಿ ಸೇನೆ ಇರುವುದಿಲ್ಲ.

3. ತರ್ದವಾಡಿ ಸಾಸಿರದ ಸಾಮಂತ

ಇಂಡಿ ಭಾಗದಲ್ಲಿ ಭೀಮಾನದಿಗೆ ಹತ್ತಿರವಿರುವ ತದ್ದೇವಾಡಿಯನ್ನು ವಿದ್ವಾಂಸರು ಶಾಸನೋಕ್ತ ತರ್ದವಾಡಿಯೆಂದು ಗುರುತಿಸಿದ್ದಾರೆ. ಇದರ ಹೆಸರಿನ ಆಡಳಿತ ವಿಭಾಗವೇ ತರ್ದವಾಡಿ ಸಾಸಿರ. ಇಂದಿನ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳ ಪ್ರಾಚೀನ ಇತಿಹಾಸವನ್ನು ಬರೆಯುವವರು ಈ ವಿಭಾಗವನ್ನು ಬಿಟ್ಟು ಮುಂದೆ ಹೋಗಲಾರರು. ಹೂವಿನ ಹಿಪ್ಪರಗಿಯ ಪರಿಸರವೂ ಇದಕ್ಕೆ ಹೊರತಲ್ಲ. ‘ಸಾಸಿರ’ವು ಗ್ರಾಮಗಳ ಎಣಿಕೆಯೋ ಆದಾಯದ ಎಣಿಕೆಯೋ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೂ ಬನವಾಸಿ 12000, ಗಂಗವಾಡಿ 96000 ಎಂಬ ಹೆಸರುಗಳ ಎದುರು ತರ್ದವಾಡಿ 1000 ಚಿಕ್ಕದೆಂಬುದು ತಾನಾಗಿಯೇ ತೋರುತ್ತದೆ.

ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯ 965ರ ಶಾಸನವು ಆಹವಮಲ್ಲ ತೈಲಪನನ್ನು ಮಹಾಸಾಮಂತಾಧಿಪತಿಯೆಂದು ಕರೆದು, ಅವನು ತರ್ದವಾಡಿ ನಾಡನ್ನು ಆಳುತ್ತಿದ್ದುದನ್ನು ತಿಳಿಸುತ್ತದೆ. ಈ ನಾಡು ಅವನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ‘ಅನುಗಜೀವಿತ’ವಾಗಿ, ಅಂದರೆ ಒಡೆಯನು ತನ್ನ ಮೆಚ್ಚಿನ ಸೇವಕನಿಗೆ ಜೀವನಕ್ಕೆಂದು ಬಿಟ್ಟುಕೊಟ್ಟ ನೆಲವಾಗಿ ಬಂದುದು. ಆಗ ರಾಷ್ಟ್ರಕೂಟರ ಬಲ ಕುಂದಿರಲಿಲ್ಲ. 949ರ ತಕ್ಕೋಲಂ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಕೃಷ್ಣನೇ ಸಿಂಹಾಸನದಲ್ಲಿದ್ದನು. ತೈಲಪನ ಸ್ಥಿತಿ ಆಟದ ಭಾಷೆಯಲ್ಲಿ ಹೇಳುವುದಾದರೆ ಅತ್ಯಂತ ಕಠಿಣ ಮಟ್ಟದ್ದು: ಒಂದು ನಾಡು, ಅದೂ ಒಡೆಯನು ಕೊಟ್ಟದ್ದು, ಬೇಕಾದಾಗ ಹಿಂದಕ್ಕೆ ಪಡೆಯಬಹುದಾದದ್ದು.

4. ತೈಲಪನ ನಡೆಗಳು

ತೈಲಪನ ಎರವಲು ಬಲ ಮೂರು ಬಗೆಯದು. ಒಂದು, ತಾಯಿಯ ಕಡೆಯದು. ಅವನ ತಾಯಿ ಬೊಂಥಾದೇವಿ ಚೇದಿಯ ಕಲಚುರಿ ಅರಸ ಲಕ್ಷ್ಮಣನ ಮಗಳು. ಎರಡು, ಹೆಂಡತಿಯ ಕಡೆಯದು. ಜಾಕವ್ವೆ ರಾಷ್ಟ್ರಕೂಟ ಕುಲದವಳು. ಮೂರು, ವಂಶಸ್ಮೃತಿ. ತಾನು ಬಾದಾಮಿ ಚಾಲುಕ್ಯರ ಸಂತತಿಯವನೆಂಬ ಹಕ್ಕುಸ್ಥಾಪನೆ ಮುಂದೆ ಐದನೆಯ ವಿಕ್ರಮಾದಿತ್ಯನ ಕೌಠೇಂ ತಾಮ್ರಶಾಸನದಲ್ಲಿ ವಿಸ್ತಾರವಾದ ವಂಶಾವಳಿಯ ರೂಪ ತಾಳಿತು. ಆ ವಂಶಾವಳಿಯ ಪ್ರತಿಯೊಂದು ಕೊಂಡಿಯೂ ಚಾರಿತ್ರಿಕವೇ ಎಂಬುದು ಬೇರೆ ಪ್ರಶ್ನೆ. ರಾಜಕೀಯ ಬಂಡವಾಳವಾಗಿ ಅದು ಕೆಲಸ ಮಾಡಿತೆಂಬುದರಲ್ಲಿ ಸಂದೇಹವಿಲ್ಲ.

ಕಾಲಜ್ಞಾನಕ್ಕೆ ನಿದರ್ಶನ 973. ಮೂರನೆಯ ಕೃಷ್ಣನು 967ರಲ್ಲಿ ತೀರಿಕೊಂಡನು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಈ ಸೂರೆಯ ಪ್ರಸ್ತಾಪ ಧನಪಾಲನ ಪ್ರಾಕೃತ ನಿಘಂಟು ‘ಪಾಇಯಲಚ್ಛೀ’ಯಲ್ಲಿದೆ. ಖೊಟ್ಟಿಗನ ತರುವಾಯ ಇಮ್ಮಡಿ ಕರ್ಕನು ಪಟ್ಟವೇರಿ ಹೆಚ್ಚು ಕಾಲವಾಗುವ ಮುನ್ನವೇ ತೈಲಪನು ಅವನನ್ನು ಕಿತ್ತೊಗೆದನು. ಕೃಷ್ಣನು ಬದುಕಿರುವವರೆಗೆ ದಂಗೆಯೆದ್ದ ಕುರುಹು ಇಲ್ಲದ ಸಾಮಂತನು ರಾಜಧಾನಿ ಸೂರೆಯಾದ ಮರುವರ್ಷವೇ ಏರಿಬಂದನು. ರಾಷ್ಟ್ರಕೂಟರನ್ನು ದಣಿಸಿದವನು ಸೀಯಕ; ಫಲವನ್ನು ಉಂಡವನು ತೈಲಪ.

ಪಟ್ಟ ಕೈಸೇರಿದ ಮಾತ್ರಕ್ಕೆ ಆರಂಭದ ಹಂತ ಮುಗಿಯಲಿಲ್ಲ. ಗಂಗ ಮಾರಸಿಂಹನು ರಾಷ್ಟ್ರಕೂಟ ನಾಲ್ಕನೆಯ ಇಂದ್ರನ ಪರವಾಗಿ ನಿಂತನು. ಮಾರಸಿಂಹನು 974ರ ಸುಮಾರಿಗೆ ಬಂಕಾಪುರದಲ್ಲಿ, ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದರು. ಈ ನಡುವೆ ಗಂಗ ಪಾಂಚಾಲದೇವನನ್ನೂ ತೈಲಪನು ಸೋಲಿಸಬೇಕಾಯಿತು. ಈ ವರ್ಷಗಳಲ್ಲಿ ಅವನು ಹೊಸ ರಾಜಧಾನಿಯನ್ನು ಕಟ್ಟಲಿಲ್ಲ ಎಂಬುದು ಗಮನಾರ್ಹ. ಮಾನ್ಯಖೇಟವನ್ನೇ ಉಳಿಸಿಕೊಂಡನು. ಕಲ್ಯಾಣವು ರಾಜಧಾನಿಯಾಗಿ ಮೆರೆದದ್ದು ಹನ್ನೊಂದನೆಯ ಶತಮಾನದಲ್ಲಿ, ಒಂದನೆಯ ಸೋಮೇಶ್ವರನ ಕಾಲಕ್ಕೆ. ಆಡಂಬರದ ತ್ಯಾಗವೆಂಬ ಎರಡನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಪರಮಾರ ಮುಂಜನೊಡನೆ ನಡೆದ ಹೋರಾಟವೂ ಇದೇ ದಿಕ್ಕಿನದು. ಮೇರುತುಂಗನ ‘ಪ್ರಬಂಧಚಿಂತಾಮಣಿ’ಯ ಪ್ರಕಾರ ಮುಂಜನು ತೈಲಪನನ್ನು ಆರು ಬಾರಿ ಸೋಲಿಸಿದ್ದನು; ಗೋದಾವರಿಯನ್ನು ದಾಟಬಾರದೆಂಬ ಮಂತ್ರಿ ರುದ್ರಾದಿತ್ಯನ ಮಾತನ್ನು ಮೀರಿ ಬಂದು ಸೆರೆಸಿಕ್ಕನು. ಹದಿನಾಲ್ಕನೆಯ ಶತಮಾನದ ಆರಂಭದ ಈ ಕೃತಿಯ ವಿವರಗಳನ್ನು ಯಥಾವತ್ತಾಗಿ ಒಪ್ಪಬೇಕಿಲ್ಲ. ಮುಂಜನು ತೈಲಪನಿಂದ ಹತನಾದುದು ಮಾತ್ರ ನಿಶ್ಚಿತ. ಗೆಲ್ಲುತ್ತಿರುವವನು ತನ್ನ ನೆಲೆಯಿಂದ ಬಹುದೂರ ಬರುವುದೇ ಅವನ ಸೋಲಿಗೆ ದಾರಿಯೆಂಬ ಅರಿವು ಆ ಕಥನದ ತಿರುಳು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಸಂಗತಿ ಮುಖ್ಯ. ಗಂಗರ ಚಾವುಂಡರಾಯನ ಆಶ್ರಯದಲ್ಲಿ ಬೆಳೆದ ರನ್ನನು ಮುಂದೆ ತೈಲಪನ ಆಸ್ಥಾನಕ್ಕೆ ಬಂದು ‘ಕವಿಚಕ್ರವರ್ತಿ’ಯಾದನು. 993ರ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತ ಅತ್ತಿಮಬ್ಬೆಯ ಪತಿ ನಾಗದೇವನು ತೈಲಪನ ದಂಡನಾಯಕ. ‘ಸಾಹಸಭೀಮವಿಜಯ’ದಲ್ಲಿ ಭೀಮನೊಡನೆ ಸಮೀಕೃತನಾದವನು ತೈಲಪನ ಮಗ ಸತ್ಯಾಶ್ರಯ. ಸೋತ ಪಾಳೆಯದ ಕವಿಯನ್ನು ಬರಮಾಡಿಕೊಂಡು ಹೊಸ ಪ್ರಭುತ್ವಕ್ಕೆ ಮಹಾಭಾರತದ ಹಿನ್ನೆಲೆಯನ್ನು ಪಡೆದುದು ಸಹ ಎರವಲು ಬಲವೇ. ‘ಸಿವಿಲೈಸೇಷನ್’ ಆಟವು ಸಂಸ್ಕೃತಿಯನ್ನು ಪ್ರತಿ ಸುತ್ತಿಗೂ ಕೂಡುತ್ತ ಹೋಗುವ ಅಂಕಿಯಾಗಿ ಎಣಿಸುತ್ತದೆ. ಆದರೆ ಕವಿಯು ಒಡೆಯನನ್ನು ಭೀಮನೆಂದು ಕರೆಯುವಾಗಲೇ ದುರ್ಯೋಧನನಿಗೂ ಮಿಡಿಯಬಲ್ಲನೆಂಬುದನ್ನು ಆ ಅಂಕಿ ಹೇಳಲಾರದು.

5. ಅದೇ ನಾಡು, ಬೇರೆ ಫಲ

ತೈಲಪನ ಬಳಿಕ ಸುಮಾರು ಒಂದೂವರೆ ಶತಮಾನಕ್ಕೆ ಅದೇ ನಾಡಿನಲ್ಲಿ ಮತ್ತೊಂದು ಆಟ ಆರಂಭವಾಯಿತು. ಕಲಚುರಿ ಪೆರ್ಮಾಡಿಯು 1128ರಲ್ಲಿ ಚಾಲುಕ್ಯರ ಮಹಾಮಂಡಳೇಶ್ವರನಾಗಿ ತರ್ದವಾಡಿಯನ್ನು ಆಳುತ್ತಿದ್ದನು. ಅವನ ಮಗ ಬಿಜ್ಜಳನು ಕರಹಾಡ 4000ದೊಂದಿಗೆ ತರ್ದವಾಡಿಯನ್ನೂ ಆಳಿದನು. 1157ರ ಚಿಕ್ಕಲಗಿ ಶಾಸನದ ವೇಳೆಗೆ ಅವನು ‘ಮಹಾಭುಜಬಲಚಕ್ರವರ್ತಿ’ಯಾಗಿದ್ದನು. 1162ರ ವೇಳೆಗೆ ಕಲ್ಯಾಣ ಅವನ ವಶವಾಯಿತು. ದುರ್ಬಲ ಒಡೆಯ ಮೂರನೆಯ ತೈಲಪ, ಬೆನ್ನಿಗೆ ತರ್ದವಾಡಿ, ಸರಿಯಾದ ಗಳಿಗೆ: ನಾಲ್ಕು ನಿಯಮಗಳ ದೃಷ್ಟಿಯಿಂದ ಬಿಜ್ಜಳನ ಆರಂಭ ತೈಲಪನದಕ್ಕಿಂತ ಉತ್ತಮವಾದುದು.

ಆದರೂ ಅವನ ಆಳ್ವಿಕೆ 1168ರ ಸುಮಾರಿಗೆ ಕೊನೆಗೊಂಡಿತು. ಮಕ್ಕಳು ಒಬ್ಬರಾದ ಮೇಲೊಬ್ಬರು ಪಟ್ಟವೇರಿದರು. 1184ರ ವೇಳೆಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ರಾಜ್ಯವನ್ನು ಮರಳಿ ಪಡೆದನು. ತೈಲಪನ ಮನೆತನವು ಸುಮಾರು ಎರಡು ಶತಮಾನ ಬಾಳಿದರೆ ಬಿಜ್ಜಳನದು ಮೂರು ದಶಕಗಳಲ್ಲಿ ಕರಗಿತು.

ಕಾರಣಗಳ ಬಗ್ಗೆ ಶಾಸನಗಳ ಹೇಳಿಕೆಗೂ ವೀರಶೈವ, ಜೈನ ಪುರಾಣಗಳ ಹೇಳಿಕೆಗೂ ಅಂತರವಿದೆ. ಒಂದು ಮಾತನ್ನಂತೂ ಹೇಳಬಹುದು. ಬಿಜ್ಜಳನ ಕಲ್ಯಾಣದಲ್ಲಿ ಪ್ರಭುತ್ವವು ಎದುರಿಸಿದ ದೊಡ್ಡ ಪ್ರಶ್ನೆ ಗಡಿಯಾಚೆಯಿಂದ ಬರಲಿಲ್ಲ. ತರ್ದವಾಡಿಯ ಆಸುಪಾಸಿನ ಬಾಗೇವಾಡಿಯಲ್ಲಿ ಹುಟ್ಟಿ, ಪರಂಪರೆ ಹೇಳುವಂತೆ ಅವನ ಭಂಡಾರಿಯಾದ ಬಸವಣ್ಣನಿಂದಲೂ, ಮಡಿವಾಳ, ಅಂಬಿಗ, ಮಾದಾರ ಮೊದಲಾದ ಕಾಯಕಜೀವಿಗಳ ಬಾಯಿಂದಲೂ ಬಂದಿತು.

6. ಆಟದ ಎಣಿಕೆಗೆ ಸಿಗದ ಮಟ್ಟ

ಇಲ್ಲಿ ಚಾರಿತ್ರಿಕ ಆಟಗಳ ಮಿತಿ ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಪ್ರಜೆಗಳು ಇಲ್ಲವೆಂದಲ್ಲ. ‘ಸಿವಿಲೈಸೇಷನ್’ ಆರನೆಯ ಭಾಗಕ್ಕೆ 2018ರಲ್ಲಿ ‘ನಿಷ್ಠೆ’ಯ ಲೆಕ್ಕ ಸೇರಿತು. ಆದರೆ ಅಲ್ಲಿ ಪ್ರಜೆ ಒಂದು ಎಣಿಕೆ. ಅವನು ದುಡಿಯುತ್ತಾನೆ, ತೃಪ್ತನಾಗುತ್ತಾನೆ, ಇಲ್ಲವೆ ದಂಗೆಯೇಳುತ್ತಾನೆ. ಅವನು ವಚನ ಹೇಳುವುದಿಲ್ಲ. ಅರಸನ ಭಂಡಾರಕ್ಕಿಂತ ದಾಸೋಹ ದೊಡ್ಡದೆಂದು ವಾದಿಸುವುದಿಲ್ಲ. ‘ಕ್ರುಸೇಡರ್ ಕಿಂಗ್ಸ್’ ಮೂರನೆಯ ಭಾಗವನ್ನು 867, 1066 ಅಥವಾ ಇತ್ತೀಚೆಗೆ ಸೇರಿಸಿದ 1178ರಿಂದ ಆರಂಭಿಸಬಹುದು. ತೈಲಪನ 973 ಮೊದಲೆರಡರ ನಡುವೆಯೂ, ಬಿಜ್ಜಳನ ಕಲ್ಯಾಣ ಕೊನೆಯ ಎರಡರ ನಡುವೆಯೂ ಬೀಳುತ್ತದೆ. ಇದು ಕೇವಲ ಆಕಸ್ಮಿಕ. ಆದರೂ ಕನ್ನಡ ನಾಡಿನ ಎರಡು ನಿರ್ಣಾಯಕ ತಿರುವುಗಳನ್ನು ಆಟಗಾರನು ಆರಂಭದ ಗಳಿಗೆಯಾಗಿ ಕಾಣಲಾರನೆಂಬುದು ನಿಜ.

ಒಟ್ಟಾರೆ ಹೇಳುವುದಾದರೆ, ಈ ಆಟಗಳನ್ನು ತರಗತಿಯಿಂದ ಹೊರಗಿಡಬೇಕಾದ ಅಗತ್ಯವಿಲ್ಲ. ಸಾಮಂತನೊಬ್ಬನು ಏಕೆ ಕಾಯುತ್ತಾನೆ, ಮದುವೆಯೊಂದು ಏಕೆ ಸೇನೆಗೆ ಸಮ, ‘ಅನುಗಜೀವಿತ’ ಎಂಬ ಒಂದು ಪದದ ಹಿಂದೆ ಎಷ್ಟು ಅನಿಶ್ಚಿತತೆ ಅಡಗಿದೆ ಎಂಬುದನ್ನು ಕಠಿಣ ಮಟ್ಟದಲ್ಲಿ ಆಡಿದ ವಿದ್ಯಾರ್ಥಿಯು ಬೇಗ ಗ್ರಹಿಸಬಲ್ಲನು. ಅಲ್ಲಿಂದ ಅವನನ್ನು ನರಸಲಗಿಯ ಶಾಸನಕ್ಕೂ ರನ್ನನ ಕಾವ್ಯಕ್ಕೂ ಕರೆತರುವುದು ಅಧ್ಯಾಪಕರ ಕೆಲಸ. ತೈಲಪನವರೆಗೆ ಆಟದ ನಿಯಮಗಳು ಜೊತೆಗೆ ಬರುತ್ತವೆ. ಬಿಜ್ಜಳನ ಕಲ್ಯಾಣದ ಬಾಗಿಲಲ್ಲಿ ಅವು ನಿಂತುಬಿಡುತ್ತವೆ. ಅಲ್ಲಿಂದ ಮುಂದಿನ ದಾರಿಗೆ ವಚನಗಳ ಓದೇ ಬೇಕು.