ಓಟದ ಪಥದಲ್ಲಿ ಎಂಜಿನ್ ಆಯಿಲ್: ತಂಪಿನ ಲೆಕ್ಕಾಚಾರ ಮತ್ತು ಬಿಡಿಭಾಗ ತಯಾರಕರ ಹೊಣೆ

ಸ್ಪೋರ್ಟ್ಸ್ ಕಾರು ಎಂದೊಡನೆ ಅದು ಸಿರಿವಂತರ ಹವ್ಯಾಸ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನಮ್ಮ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ತೋರುವುದು ಸಹಜ. ಆದರೆ ಅಂತಹ ಕಾರನ್ನು ಓಟದ ಪಥಕ್ಕೆ ಇಳಿಸಿದಾಗ, ಲಕ್ಷಾಂತರ ರೂಪಾಯಿ ಬೆಲೆಯ ಎಂಜಿನ್ ಉಳಿಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ವಸ್ತುಗಳು ಬಹಳ ಚಿಕ್ಕವು. ಅಂಗೈಯಗಲದ ಒಂದು ಥರ್ಮೋಸ್ಟಾಟ್, ಒಂದೆರಡು ಮೀಟರ್ ಹೋಸ್, ನಾಲ್ಕಾರು ಫಿಟ್ಟಿಂಗ್‌ಗಳು ಮತ್ತು ಅಲ್ಯೂಮಿನಿಯಂನ ಒಂದು ಆಯಿಲ್ ಕೂಲರ್. ಇವೆಲ್ಲವೂ ಸಣ್ಣ ಕಾರ್ಖಾನೆಗಳಲ್ಲಿಯೇ ತಯಾರಾಗಬಲ್ಲ ವಸ್ತುಗಳು. ಇವುಗಳ ಹಿಂದಿರುವ ತಾಂತ್ರಿಕ ವಿಚಾರವನ್ನೂ, ಅದರಿಂದ ತಯಾರಕರು ಅರಿಯಬೇಕಾದ ಅಂಶಗಳನ್ನೂ ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ತೈಲವೇಕೆ ಕಾಯುತ್ತದೆ?

ಎಂಜಿನ್ ಆಯಿಲಿನ ಕೆಲಸ ಕೇವಲ ಜಾರಿಕೆಯನ್ನು ಒದಗಿಸುವುದಲ್ಲ. ನೀರು ತಲುಪಲಾಗದ ಜಾಗಗಳಿಂದ ಶಾಖವನ್ನು ಹೊತ್ತು ತರುವುದೂ ಅದರ ಹೊಣೆಯೇ. ಪಿಸ್ಟನ್ನಿನ ತಳಭಾಗ, ಕ್ರ್ಯಾಂಕ್ ಶಾಫ್ಟಿನ ಬೇರಿಂಗ್‌ಗಳು ಹಾಗೂ ಕ್ಯಾಮ್‌ಗಳ ಶಾಖವೆಲ್ಲ ಮೊದಲು ಸೇರುವುದು ಆಯಿಲಿಗೆ. ಸಾಮಾನ್ಯ ರಸ್ತೆಯಲ್ಲಿ ಚಾಲಕನು ಪೂರ್ಣ ವೇಗವರ್ಧನೆಯನ್ನು ಬಳಸುವುದು ಕೆಲವೇ ಸೆಕೆಂಡುಗಳ ಕಾಲ. ಓಟದ ಪಥದಲ್ಲಾದರೋ ಇಪ್ಪತ್ತು ನಿಮಿಷಗಳ ಅವಧಿಯ ಬಹುಪಾಲು ಎಂಜಿನ್ ಗರಿಷ್ಠ ಶಕ್ತಿಯ ಸಮೀಪದಲ್ಲಿಯೇ ದುಡಿಯುತ್ತದೆ. ಈ ಕಾರಣದಿಂದ ರಸ್ತೆಯಲ್ಲಿ 90ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಆಯಿಲ್, ತಕ್ಕ ಏರ್ಪಾಡಿಲ್ಲದಿದ್ದರೆ ಪಥದಲ್ಲಿ 130 ಡಿಗ್ರಿಯನ್ನೂ ದಾಟಬಲ್ಲದು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ 5ಡಬ್ಲ್ಯು-40 ಆಯಿಲ್ ಒಂದರ ಸ್ನಿಗ್ಧತೆ 40 ಡಿಗ್ರಿಯಲ್ಲಿ ಸುಮಾರು 85 ಸೆಂಟಿಸ್ಟೋಕ್ಸ್ ಇದ್ದರೆ, 100 ಡಿಗ್ರಿಯಲ್ಲಿ ಅದು 14ರ ಆಸುಪಾಸಿಗೆ, 130 ಡಿಗ್ರಿಯಲ್ಲಿ ಸುಮಾರು 8ಕ್ಕೆ ಇಳಿಯುತ್ತದೆ. ಬೇರಿಂಗ್ ಮತ್ತು ಶಾಫ್ಟಿನ ನಡುವೆ ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ತೈಲದ ತೆಳುವಾದ ಪದರವೊಂದೇ. ತೈಲ ನೀರಾದಂತೆ ಆ ಪದರ ತೆಳುವಾಗುತ್ತದೆ, ಒತ್ತಡವೂ ಕುಸಿಯುತ್ತದೆ. ಇದಲ್ಲದೆ, ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಆಯಿಲ್ ಆಕ್ಸಿಡೀಕರಣಗೊಂಡು ಕೆಡುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಈ ವೃತ್ತಿಯಲ್ಲಿರುವವರು ಅನುಸರಿಸುವ ಸ್ಥೂಲ ಸೂತ್ರವಾಗಿದೆ. ಪಥದಲ್ಲಿ ಓಡುವ ಕಾರುಗಳ ಆಯಿಲನ್ನು ರಸ್ತೆಯ ಕಾರುಗಳಿಗಿಂತ ಬಹಳ ಬೇಗ ಬದಲಾಯಿಸಬೇಕಾಗಿರುವುದು ಇದೇ ಕಾರಣಕ್ಕಾಗಿ.

ಪೋರ್ಷೆ 911ರ ಅನುಭವ

ಈ ಸಮಸ್ಯೆಯನ್ನು ದಶಕಗಳ ಕಾಲ ಎದುರಿಸಿ, ಹಂತ ಹಂತವಾಗಿ ತಿದ್ದಿಕೊಂಡು ಬಂದ ಕಾರೆಂದರೆ ಜರ್ಮನಿಯ ಪೋರ್ಷೆ 911. ಸ್ಟುಟ್‌ಗಾರ್ಟ್ ನಗರದ ಜುಫೆನ್‌ಹೌಸೆನ್‌ನಲ್ಲಿ 1964ರಲ್ಲಿ ತಯಾರಿಕೆಗೆ ಬಂದ ಈ ಕಾರಿನ ಎಂಜಿನ್ ಹಿಂಬದಿಯಲ್ಲಿತ್ತು. ಅದಕ್ಕೆ ನೀರಿನ ರೇಡಿಯೇಟರ್ ಇರಲಿಲ್ಲ. 1998ರಲ್ಲಿ ಕೊನೆಗೊಂಡ ಆ ಪೀಳಿಗೆಯ ಎಂಜಿನ್ನನ್ನು ಗಾಳಿಯಿಂದ ತಂಪಾಗುವ ಎಂಜಿನ್ ಎಂದು ಕರೆಯುವುದು ವಾಡಿಕೆಯಾದರೂ, ಶಾಖದ ಒಂದು ದೊಡ್ಡ ಪಾಲನ್ನು ಹೊರುತ್ತಿದ್ದುದು ಆಯಿಲೇ. ಆದುದರಿಂದಲೇ ಅದರಲ್ಲಿ ಆಯಿಲನ್ನು ಎಂಜಿನ್ನಿನ ತಳದಲ್ಲಿ ಇರಿಸದೆ ಪ್ರತ್ಯೇಕ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ವ್ಯವಸ್ಥೆಯನ್ನು ಅಳವಡಿಸಲಾಯಿತು. ನಮ್ಮ ಸಣ್ಣ ಕಾರುಗಳಿಗೆ 3ರಿಂದ 4 ಲೀಟರ್ ಆಯಿಲ್ ಸಾಕಾದರೆ, ಈ ಕಾರಿಗೆ ಸುಮಾರು 10 ಲೀಟರ್ ಬೇಕಾಗುತ್ತಿತ್ತು.

ಪ್ರಾರಂಭದಲ್ಲಿ ಎಂಜಿನ್ನಿಗೆ ಅಂಟಿಕೊಂಡ ಒಂದೇ ಕೂಲರ್ ಇದ್ದಿತು. ಎಂಜಿನ್ನಿನ ಫ್ಯಾನ್ ಬೀಸುವ ಗಾಳಿಯೇ ಅದಕ್ಕೂ ಆಧಾರ. ಶಕ್ತಿ ಹೆಚ್ಚಿದಂತೆ ಇದು ಸಾಲದಾಯಿತು. 1969ರ 911 ಎಸ್ ಮಾದರಿಯಲ್ಲಿ ಮುಂಭಾಗದ ಬಲ ಮಡ್‌ಗಾರ್ಡಿನ ಒಳಗೆ ಎರಡನೆಯ ಕೂಲರನ್ನು ಇರಿಸಲಾಯಿತು. ಹಿಂಬದಿಯ ಎಂಜಿನ್ನಿನಿಂದ ಕಾರಿನ ಬಲ ಅಂಚಿನುದ್ದಕ್ಕೂ ಲೋಹದ ಕೊಳವೆಗಳು ಸಾಗಿ, ಕಾದ ಆಯಿಲನ್ನು ಮುಂದಕ್ಕೊಯ್ದು ತಂಪಾದುದನ್ನು ಹಿಂದಕ್ಕೆ ತರುತ್ತಿದ್ದವು. ಮುಂದಿನ ಕೆಲವು ಮಾದರಿಗಳಲ್ಲಿ ಅದೇ ಸ್ಥಳದಲ್ಲಿ ಬಾಗಿಸಿದ ಬರಿಯ ಕೊಳವೆಯನ್ನೇ ಕೂಲರಿನಂತೆ ಬಳಸಲಾಯಿತು. 1984ರ ಕ್ಯಾರೆರಾ ಮಾದರಿಯಲ್ಲಿ ರೆಕ್ಕೆಗಳುಳ್ಳ ಕೂಲರ್ ಬಂದಿತು, 1987ರಲ್ಲಿ ಅದಕ್ಕೆ ವಿದ್ಯುತ್ ಫ್ಯಾನ್ ಸೇರಿತು.

ಇಷ್ಟಾದರೂ ಒಂದು ಕೊರತೆ ಉಳಿದೇ ಇತ್ತು. ಮಡ್‌ಗಾರ್ಡಿನ ಒಳಮೂಲೆಗೆ ಗಾಳಿ ನೇರವಾಗಿ ಬರುವುದಿಲ್ಲ. ಬಂದ ಗಾಳಿ ಹೊರಹೋಗಲು ಸರಾಗವಾದ ದಾರಿಯೂ ಇಲ್ಲ. ಆದುದರಿಂದಲೇ 1973ರ ಕ್ಯಾರೆರಾ ಆರ್‌ಎಸ್‌ಆರ್ ಎಂಬ ಸ್ಪರ್ಧಾ ಕಾರಿನಲ್ಲಿ ಕೂಲರನ್ನು ಮೂತಿಯ ನಡುಭಾಗಕ್ಕೆ, ಎದುರುಗಾಳಿ ನೇರವಾಗಿ ಬಡಿಯುವ ಜಾಗಕ್ಕೆ ತರಲಾಯಿತು. ಕೂಲರಿನ ಗಾತ್ರದಷ್ಟೇ ಅದರ ಸ್ಥಳವೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದೇ ಕಾರಿನ ಮತ್ತೊಂದು ಪ್ರಸಂಗವೂ ಉಲ್ಲೇಖಾರ್ಹವಾಗಿದೆ. 1972ರ ಮಾದರಿಯಲ್ಲಿ ತೂಕದ ಹಂಚಿಕೆಯನ್ನು ಸುಧಾರಿಸಲು ಆಯಿಲ್ ಟ್ಯಾಂಕನ್ನು ಹಿಂಚಕ್ರದ ಮುಂದಕ್ಕೆ ಸರಿಸಿ, ಆಯಿಲ್ ತುಂಬಲು ಬಲಬದಿಯ ಹೊರಮೈಯಲ್ಲಿ ಮುಚ್ಚಳವೊಂದನ್ನು ಇಡಲಾಯಿತು. ಬಂಕಿನ ಸಿಬ್ಬಂದಿ ಅದನ್ನೇ ಪೆಟ್ರೋಲಿನ ಮುಚ್ಚಳವೆಂದು ತಿಳಿದು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ಸುರಿದ ಪ್ರಸಂಗಗಳು ನಡೆದವು. ಮರುವರ್ಷವೇ ಟ್ಯಾಂಕು ಹಳೆಯ ಜಾಗಕ್ಕೆ ಮರಳಿತು. ತಾಂತ್ರಿಕವಾಗಿ ಸರಿಯಾದ ವಿನ್ಯಾಸವೂ ಬಳಸುವವರ ಕೈಯಲ್ಲಿ ಹೇಗೆ ಸೋಲಬಲ್ಲದು ಎಂಬುದನ್ನು ತಯಾರಕರು ಇದರಿಂದ ಅರಿಯಬಹುದು.

ಕೂಲರಿನ ಲೆಕ್ಕ

ಆಯಿಲ್ ಕೂಲರ್ ಎಷ್ಟು ಶಾಖವನ್ನು ಹೊರಹಾಕಬೇಕು? ಒಂದು ಸರಳ ಲೆಕ್ಕ ಮಾಡೋಣ. ನಿಮಿಷಕ್ಕೆ 40 ಲೀಟರ್ ಆಯಿಲ್ ಕೂಲರಿನ ಮೂಲಕ ಹರಿಯುತ್ತದೆ ಎಂದಿಟ್ಟುಕೊಳ್ಳೋಣ. ಕಾದ ಆಯಿಲಿನ ತೂಕ ಲೀಟರಿಗೆ ಸುಮಾರು 800 ಗ್ರಾಂ. ಒಂದು ಕಿಲೋ ಆಯಿಲನ್ನು ಒಂದು ಡಿಗ್ರಿ ತಂಪಾಗಿಸಿದರೆ ಸುಮಾರು 2.2 ಕಿಲೋಜೌಲ್ ಶಾಖ ಹೊರಬರುತ್ತದೆ; ನೀರಿನಲ್ಲಾದರೆ ಇದರ ಇಮ್ಮಡಿಗೆ ಸಮೀಪ. ಈ ಆಯಿಲನ್ನು 20 ಡಿಗ್ರಿ ತಂಪಾಗಿಸಬೇಕೆಂದರೆ ಸುಮಾರು 23 ಕಿಲೋವ್ಯಾಟ್ ಶಾಖವನ್ನು ಸತತವಾಗಿ ಹೊರಹಾಕಬೇಕು. ಮನೆಯ ಸ್ನಾನಗೃಹದಲ್ಲಿರುವ 2 ಕಿಲೋವ್ಯಾಟಿನ ಹನ್ನೊಂದು ಹನ್ನೆರಡು ಗೀಸರ್‌ಗಳನ್ನು ಒಟ್ಟಿಗೆ ಚಾಲೂ ಮಾಡಿದಷ್ಟು ಶಾಖವಿದು.

ಈ ಶಾಖವನ್ನು ಒಯ್ಯಬೇಕಾದುದು ಗಾಳಿ. ಕೂಲರಿನ ಮೂಲಕ ಹಾದು ಹೋಗುವಾಗ ಗಾಳಿ 40 ಡಿಗ್ರಿ ಬಿಸಿಯಾಗುತ್ತದೆ ಎಂದು ಭಾವಿಸಿದರೂ, ಸೆಕೆಂಡಿಗೆ ಸುಮಾರು ಅರ್ಧ ಘನ ಮೀಟರ್ ಗಾಳಿ ಬೇಕು. ಕಾರು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಗಾಳಿಗೇನು ಬರವಿಲ್ಲ. ಆದರೆ ಗಾಳಿ ಯಾವಾಗಲೂ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಕೂಲರಿನ ದಟ್ಟವಾದ ರೆಕ್ಕೆಗಳ ನಡುವೆ ನುಗ್ಗುವುದಕ್ಕಿಂತ ಅದರ ಪಕ್ಕದಿಂದ ಜಾರಿಹೋಗುವುದು ಅದಕ್ಕೆ ಸುಲಭ. ಇದನ್ನು ತಡೆಯಲು ಮೂತಿಯ ಕಿಂಡಿಯಿಂದ ಕೂಲರಿನವರೆಗೆ ಸಂದಿಯಿಲ್ಲದ ಡಕ್ಟ್ ಬೇಕು. ಡಕ್ಟಿನ ಬಾಯಿ ಕಿರಿದಾಗಿದ್ದು ಕೂಲರಿನತ್ತ ಕ್ರಮೇಣ ಅಗಲವಾದರೆ ಗಾಳಿಯ ವೇಗ ತಗ್ಗಿ ಒತ್ತಡ ಏರುತ್ತದೆ. ಆ ಒತ್ತಡವೇ ಅದನ್ನು ರೆಕ್ಕೆಗಳ ನಡುವೆ ತಳ್ಳುತ್ತದೆ. ಕೂಲರಿನ ಹಿಂದೆ ಕಾದ ಗಾಳಿ ಹೊರಬೀಳಲು ದಾರಿಯಿರಬೇಕಾದುದೂ ಅಷ್ಟೇ ಅಗತ್ಯ. ಡಕ್ಟ್ ಇಲ್ಲದ ದೊಡ್ಡ ಕೂಲರಿಗಿಂತ ಡಕ್ಟ್ ಉಳ್ಳ ಸಣ್ಣ ಕೂಲರ್ ಹೆಚ್ಚು ಕೆಲಸ ಮಾಡಬಲ್ಲದು. ಕೆಲವು ನೂರು ರೂಪಾಯಿಗಳ ತಗಡಿನ ಕೆಲಸ ಸಾವಿರಾರು ರೂಪಾಯಿಗಳ ಕೂಲರಿನ ಫಲವನ್ನು ನಿರ್ಧರಿಸುತ್ತದೆ.

ಅತಿ ತಂಪೂ ಸಲ್ಲದು

ದೊಡ್ಡ ಕೂಲರ್ ಅಳವಡಿಸಿದರೆ ಚಿಂತೆ ತೀರಿತು ಎಂದು ಭಾವಿಸುವುದೂ ತಪ್ಪು. ಎಂಜಿನ್ನಿನೊಳಗೆ ಉಂಟಾಗುವ ನೀರಿನ ಅಂಶವೂ ಆಯಿಲಿನಲ್ಲಿ ಬೆರೆತ ಪೆಟ್ರೋಲಿನ ಅಂಶವೂ ಆವಿಯಾಗಿ ಹೋಗಬೇಕಾದರೆ ಆಯಿಲ್ 100 ಡಿಗ್ರಿಯ ಸಮೀಪಕ್ಕೆ ಕಾಯಲೇಬೇಕು. ತಣ್ಣನೆಯ ಗಟ್ಟಿ ಆಯಿಲನ್ನು ಪಂಪು ತಳ್ಳುವಾಗ ಒತ್ತಡ ವಿಪರೀತವಾಗಿ ಏರಿ ಕೂಲರಿನ ಕೀಲುಗಳಿಗೂ ಹೋಸ್‌ಗಳಿಗೂ ಪೆಟ್ಟು ಬೀಳುತ್ತದೆ. ಆದುದರಿಂದ ಸುಮಾರು 80ರಿಂದ 85 ಡಿಗ್ರಿಯಲ್ಲಿ ತೆರೆಯುವ ಥರ್ಮೋಸ್ಟಾಟ್ ಈ ವ್ಯವಸ್ಥೆಯ ಅವಿಭಾಜ್ಯ ಅಂಗವಾಗಿದೆ. ಅದು ಮುಚ್ಚಿರುವಾಗಲೂ ಸ್ವಲ್ಪ ಆಯಿಲ್ ಕೂಲರಿನತ್ತ ಹರಿಯುವಂತೆ ವಿನ್ಯಾಸಗೊಳಿಸುವುದು ರೂಢಿ. ಇದರಿಂದ ಕೂಲರಿನಲ್ಲಿ ಗಾಳಿ ತುಂಬಿರುವುದಿಲ್ಲ; ತಣ್ಣನೆಯ ಆಯಿಲ್ ಒಮ್ಮೆಲೇ ಎಂಜಿನ್ನಿಗೆ ನುಗ್ಗುವುದೂ ತಪ್ಪುತ್ತದೆ.

ನಮ್ಮ ಹವೆಯಲ್ಲಿ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ ಪಥ, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ, 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಆರಂಭವಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್: ಇವು ನಮ್ಮ ದೇಶದ ಪ್ರಮುಖ ಓಟದ ಪಥಗಳು. ಇಲ್ಲಿ ಕಾರು ಓಡಿಸುವವರು ವಿದೇಶಿ ಕೂಲರುಗಳ ಅಂಕಿಅಂಶಗಳನ್ನು ಯಥಾವತ್ತಾಗಿ ನಂಬುವಂತಿಲ್ಲ. ಕೂಲರಿನ ಸಾಮರ್ಥ್ಯ ಆಯಿಲ್ ಮತ್ತು ಹೊರಗಾಳಿಯ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಆಯಿಲ್ 120 ಡಿಗ್ರಿಯಲ್ಲಿದ್ದು, ಜರ್ಮನಿಯ ವಸಂತದ ಗಾಳಿ 15 ಡಿಗ್ರಿಯಲ್ಲಿದ್ದರೆ ಅಂತರ 105. ಬೇಸಿಗೆಯ ಚೆನ್ನೈ ಬಳಿ ಗಾಳಿ 38 ಡಿಗ್ರಿಯಲ್ಲಿದ್ದರೆ ಅಂತರ ಕೇವಲ 82. ಅಂದರೆ ಅದೇ ಕೂಲರ್ ಇಲ್ಲಿ ಹೊರಹಾಕುವ ಶಾಖ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಗ್ಗುತ್ತದೆ. ನಮ್ಮ ಹವೆಯಲ್ಲಿ ಪರೀಕ್ಷಿಸಿ ಅಂಕಿ ನೀಡಬಲ್ಲ ತಯಾರಕನಿಗೆ ಇಲ್ಲೊಂದು ಅವಕಾಶವಿದೆ.

ಒಂಬತ್ತು ಸೆಕೆಂಡುಗಳ ಅವಧಿ

ಮೇಲಿನ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ನಿಮಿಷಕ್ಕೆ 40 ಲೀಟರ್ ಹರಿಯುವ ಸಾಲಿನಲ್ಲಿ ಒಂದು ಫಿಟ್ಟಿಂಗ್ ಕಳಚಿಕೊಂಡರೆ, 6 ಲೀಟರ್ ಆಯಿಲ್ ಇರುವ ಎಂಜಿನ್ ಖಾಲಿಯಾಗಲು ಬೇಕಾದುದು ಒಂಬತ್ತು ಸೆಕೆಂಡು. ಚಾಲಕನು ಒತ್ತಡದ ಮಾಪಕವನ್ನು ಗಮನಿಸುವಷ್ಟರಲ್ಲಿ ಬೇರಿಂಗ್‌ಗಳು ಸುಟ್ಟಿರುತ್ತವೆ. ಚೆಲ್ಲಿದ ಆಯಿಲ್ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಬೆಂಕಿ. ಪಥದ ಮೇಲೆ ಬಿದ್ದರೆ ಹಿಂದೆ ಬರುವವರ ಪ್ರಾಣಕ್ಕೇ ಅಪಾಯ. ಕೂಲರ್ ಅಳವಡಿಸದಿದ್ದರೆ ಎಂಜಿನ್ ನಿಧಾನವಾಗಿ ಸವೆಯುತ್ತದೆ. ಕಳಪೆ ಜೋಡಣೆಯ ಕೂಲರ್ ಅಳವಡಿಸಿದರೆ ಒಮ್ಮೆಲೇ ಹಾಳಾಗುತ್ತದೆ.

ಇಂತಹ ಅನಾಹುತಕ್ಕೆ ಕಾರಣಗಳು ಬಹುತೇಕ ಸಾಧಾರಣವಾದವು. ಈ ಕೆಲಸಕ್ಕೆ ಬಳಕೆಯಲ್ಲಿರುವ ಎಎನ್ ಫಿಟ್ಟಿಂಗ್‌ಗಳ ಕೋನ 37 ಡಿಗ್ರಿ. ಬಿಎಸ್‌ಪಿ ಫಿಟ್ಟಿಂಗಿನ ಕೋನ 30 ಡಿಗ್ರಿ. ನೋಟಕ್ಕೆ ಒಂದೇ ತೆರನಾಗಿ ಕಂಡರೂ ಇವು ಪರಸ್ಪರ ಸರಿಯಾಗಿ ಕೂರುವುದಿಲ್ಲ. ಬಿಗಿಗೊಳಿಸಿದಾಗ ಸೋರದಂತೆ ತೋರಿ, ಕಾದಾಗ ಸೋರುತ್ತವೆ. ಹೋಸ್ ಎಲ್ಲಿಯಾದರೂ ಚಾಸಿಯ ಅಂಚಿಗೆ ಉಜ್ಜುತ್ತಿದ್ದರೆ ಕೆಲವೇ ಓಟಗಳಲ್ಲಿ ತೂತಾಗುತ್ತದೆ. ಕೂಲರನ್ನು ರಬ್ಬರ್ ಬುಷ್ ಇಲ್ಲದೆ ನೇರವಾಗಿ ಬೋಲ್ಟ್ ಮಾಡಿದರೆ ಅದುರುವಿಕೆಯಿಂದ ಅದರ ಕಿವಿಗಳು ಸೀಳುತ್ತವೆ.

ತಯಾರಿಕೆಯಲ್ಲಿಯೂ ಎಚ್ಚರ ಅಗತ್ಯ. ಅಲ್ಯೂಮಿನಿಯಂ ಕೂಲರುಗಳನ್ನು ಸುಮಾರು 600 ಡಿಗ್ರಿಯ ಕುಲುಮೆಯಲ್ಲಿ ಬ್ರೇಜಿಂಗ್ ಮಾಡಲಾಗುತ್ತದೆ. ಮೂಲ ಲೋಹ ಕರಗುವ ಉಷ್ಣತೆ ಇದಕ್ಕಿಂತ ಕೆಲವೇ ಹತ್ತು ಡಿಗ್ರಿಗಳಷ್ಟು ಮೇಲಿರುವುದರಿಂದ ಕುಲುಮೆಯ ನಿಯಂತ್ರಣ ತಪ್ಪಿದರೆ ಇಡೀ ತಂಡವೇ ವ್ಯರ್ಥ. ಒಳಗೆ ಉಳಿದ ಫ್ಲಕ್ಸ್ ಅಥವಾ ಲೋಹದ ಚೂರು ನೇರವಾಗಿ ಬೇರಿಂಗ್ ಸೇರುವ ಸಂಭವವಿದೆ. ಎಂಜಿನ್ ಕೆಟ್ಟು ರಿಪೇರಿಯಾದಾಗ ಹಳೆಯ ಕೂಲರನ್ನು ತೊಳೆದು ಮರುಬಳಸಬಾರದೆಂದು ಅನುಭವಿ ಮೆಕ್ಯಾನಿಕ್‌ಗಳು ಹೇಳುವುದು ಇದೇ ಕಾರಣಕ್ಕೆ: ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡ ಚೂರುಗಳು ಹೊಸ ಎಂಜಿನ್ನನ್ನೂ ಕೆಡಿಸುತ್ತವೆ.

ನಮ್ಮ ಉದ್ದಿಮೆದಾರರು ಗಮನಿಸಬೇಕಾದುದು

ಸ್ವೀಡನ್ನಿನ ಸೆಟ್ರಾಬ್, ಬ್ರಿಟನ್ನಿನ ಮೋಕಾಲ್ ಮುಂತಾದ ಹೆಸರುಗಳು ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಪರಿಚಿತವಾಗಿವೆ. ಅಲ್ಯೂಮಿನಿಯಂ ತಗಡು, ಕುಲುಮೆ, ಲೇತ್ ಇವು ಎಲ್ಲರಿಗೂ ದೊರೆಯುವಂತಹವು; ಗ್ರಾಹಕನು ಹಣ ಕೊಡುವುದು ವಿಶ್ವಾಸಕ್ಕೆ. ಪ್ರತಿಯೊಂದು ಕೂಲರನ್ನೂ ನೀರಿನಲ್ಲಿ ಮುಳುಗಿಸಿ ಗಾಳಿಯ ಒತ್ತಡದಲ್ಲಿ ಸೋರಿಕೆ ಪರೀಕ್ಷಿಸುವುದು, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಮಾದರಿಗಳನ್ನು ಪರೀಕ್ಷಿಸುವುದು, ತಂಡದ ಸಂಖ್ಯೆಯನ್ನು ವಸ್ತುವಿನ ಮೇಲೆಯೇ ಅಚ್ಚೊತ್ತುವುದು, ಬಾಯಿಗಳಿಗೆ ಮುಚ್ಚಳ ಹಾಕಿ ಪ್ಯಾಕ್ ಮಾಡುವುದು, ಇವು ಭಾರಿ ಬಂಡವಾಳದ ಕೆಲಸಗಳಲ್ಲ, ಶಿಸ್ತಿನ ಕೆಲಸಗಳು.

ಓಟದ ಕಾರಿನ ಮಾರುಕಟ್ಟೆ ನಮ್ಮಲ್ಲಿ ಸಣ್ಣದೇ. ಆದರೆ ಇದೇ ತತ್ತ್ವ ನಮ್ಮ ಪೀಣ್ಯ, ಬೆಳಗಾವಿಗಳ ಕಾರ್ಖಾನೆಗಳ ಹೈಡ್ರಾಲಿಕ್ ಪವರ್ ಪ್ಯಾಕಿಗೂ, ಸ್ಕ್ರೂ ಕಂಪ್ರೆಸರಿಗೂ ಅನ್ವಯಿಸುತ್ತದೆ. ಅಲ್ಲಿಯೂ ಆಯಿಲ್ ಕಾದು ಸೀಲುಗಳು ಕೆಟ್ಟಾಗ ಮೊದಲು ಹೊಳೆಯುವುದು ದೊಡ್ಡ ಕೂಲರ್ ಕೊಳ್ಳುವ ವಿಚಾರ. ಅದಕ್ಕೂ ಮುನ್ನ ಯಂತ್ರವನ್ನು ಗೋಡೆಗೆ ಒತ್ತಿ ಇಟ್ಟಿರುವುದರಿಂದ ಗಾಳಿಯ ದಾರಿ ಕಟ್ಟಿದೆಯೇ, ರೆಕ್ಕೆಗಳಲ್ಲಿ ಧೂಳು ಕೂತಿದೆಯೇ, ಕಾದ ಗಾಳಿ ಸುತ್ತಿ ಮತ್ತೆ ಅದೇ ಫ್ಯಾನಿಗೆ ಬರುತ್ತಿದೆಯೇ ಎಂದು ನೋಡುವುದು ಒಳ್ಳೆಯದು. ಪೋರ್ಷೆ ಕಂಪನಿಯು ಮಡ್‌ಗಾರ್ಡಿನ ಮೂಲೆಯಿಂದ ಮೂತಿಯ ನಡುವಿಗೆ ಕೂಲರನ್ನು ತಂದಾಗ ಮಾಡಿದ್ದೂ ಅದನ್ನೇ. ಈ ಪರಿಶೀಲನೆಗೆ ತಗಲುವ ವೆಚ್ಚ ಅರ್ಧ ಗಂಟೆಯ ಸಮಯ ಮತ್ತು ಒಂದು ಥರ್ಮಾಮೀಟರ್ ಮಾತ್ರ.