ಕಪ್ ಬಂತು, ಲೆಕ್ಕ ಯಾರ ಖಾತೆಗೆ?

ಬಾಸ್ಕೆಟ್‌ಬಾಲ್‌ನಲ್ಲಿ ಜನರಲ್ ಮ್ಯಾನೇಜರ್ ಅಂತ ಇರ್ತಾರೆ. ಆಡಲ್ಲ, ಆಡಿಸೋದೂ ಇಲ್ಲ. ಆಟಗಾರರನ್ನ ಆರಿಸಿ ತಂಡ ಕಟ್ಟೋದು ಅವರ ಕೆಲಸ. ನಮ್ಮ ಆರ್‌ಸಿಬಿಯಲ್ಲಿ ಆ ಕುರ್ಚಿಗೆ ಡೈರೆಕ್ಟರ್ ಆಫ್ ಕ್ರಿಕೆಟ್ ಅಂತಾರೆ. 2019ರಿಂದ 2023ರವರೆಗೆ ಮೈಕ್ ಹೆಸನ್ ಇದ್ದರು, ಆಮೇಲೆ ಮೋ ಬೊಬಾಟ್ ಬಂದರು. 2025ರ ಜೂನ್ 3ಕ್ಕೆ ಗೆದ್ದ ಕಪ್ ಪೂರ್ತಿ ಬೊಬಾಟ್ ಖಾತೆಗೇ ಹಾಕೋದಾ?

ಅರ್ಧ ಹಾಕಬಹುದು. 2024ರ ನವೆಂಬರ್ ಹರಾಜಲ್ಲಿ ಕೆ.ಎಲ್. ರಾಹುಲ್ ಬೇಕು ಅಂತ ನಾವೆಲ್ಲ ಕೂಗಿದ್ವಿ. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದ್ರು. ಆರ್‌ಸಿಬಿ ಬೌಲಿಂಗ್‌ಗೆ ದುಡ್ಡು ಸುರೀತು: ಹೇಜಲ್‌ವುಡ್ 12.50 ಕೋಟಿ, ಭುವನೇಶ್ವರ್ 10.75, ಕೃಣಾಲ್ 5.75. ಫೈನಲ್‌ನಲ್ಲಿ ಕೃಣಾಲ್ 17 ರನ್‌ಗೆ 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದ್ರು. ಲಿವಿಂಗ್‌ಸ್ಟೋನ್‌ಗೆ ಕೊಟ್ಟ 8.75 ಕೋಟಿ ಮಾತ್ರ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು.

ಆದ್ರೆ ಕ್ಯಾಪ್ಟನ್ ಪಾಟೀದಾರ್? 2022ರ ಹರಾಜಲ್ಲಿ ಯಾರೂ ಕೊಳ್ಳದ ಹುಡುಗ. ಗಾಯಗೊಂಡ ಆಟಗಾರನ ಬದಲಿಗೆ 20 ಲಕ್ಷಕ್ಕೆ ಕರೆಸಿದ್ದು ಹೆಸನ್ ಕಾಲದಲ್ಲಿ. ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದ್ರು. ಮದಲೂರು ಕೆರೆಗೆ ಹೇಮಾವತಿ ನೀರು ಬಂದಾಗ ಬಾಗಿನ ಬಿಟ್ಟವರ ಫೋಟೊ ಬರುತ್ತೆ, ಕಾಲುವೆ ತೋಡಿದವರದ್ದು ಬರಲ್ಲ; ಹಾಗೇ ಇದು. ಚಹಲ್‌ರನ್ನ ಕೈಬಿಟ್ಟಿದ್ದೂ ಹೆಸನ್ ಕಾಲದಲ್ಲೇ ಅನ್ನೋದನ್ನೂ ಬರ್ಕೊಳ್ಳಿ. ಅದೇ ಸೀಸನ್ ಅವರು ರಾಜಸ್ಥಾನಕ್ಕೆ ಆಡಿ ಪರ್ಪಲ್ ಕ್ಯಾಪ್ ತಗೊಂಡ್ರು.

ಹಾಗಾಗಿ ಕಪ್ ಎಣಿಸೋ ಬದಲು, ಅದೇ ದುಡ್ಡಿಗೆ ಇನ್ಯಾರು ಸಿಗ್ತಿದ್ರು ಅಂತ ಕೇಳಿ. ಸಿರಾಜ್‌ರನ್ನ ಬಿಟ್ಟಾಗ ಬೇಜಾರಾಯ್ತು ನಿಜ. ಗುಜರಾತ್ 12.25 ಕೋಟಿ ಕೊಡ್ತು, 15 ಪಂದ್ಯದಲ್ಲಿ 16 ವಿಕೆಟ್ ಬಂತು. ಹೇಜಲ್‌ವುಡ್ 12 ಪಂದ್ಯದಲ್ಲಿ 22 ತೆಗೆದ್ರು.